ಪೆತ್ತ ಓಲುಂಡು? ಗಡಿ ಪಂಚಾಯತಿನ ಒಂದು ಸಲಹಾ ಸಮಿತಿಯ ಪ್ರಕರಣ ಅಧ್ಯಯನ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ, ಕರ್ನಾಟಕದ ಗಡಿಗೆ ತಾಗಿಕೊಂಡಿರುವ ಒಂದು ಗ್ರಾಮ ಪಂಚಾಯತಿನಲ್ಲಿ, ಅಂಗವಿಕಲ ಮಕ್ಕಳ ಶಿಕ್ಷಣದ ಬಗ್ಗೆ ಸಲಹೆ ಕೊಡುವುದಕ್ಕೆಂದೇ ಊರವರ ಒಂದು ಸಮಿತಿ ರಚನೆಯಾಗಿ ಸುಮಾರು ಎರಡು ಶಾಲಾ ವರ್ಷ ಕೆಲಸ ಮಾಡಿತು. ನಿವೃತ್ತ ಅಧ್ಯಾಪಕನೆಂಬ ಕಾರಣಕ್ಕೆ ಅದರ ನಡಾವಳಿ ಬರೆಯುವ ಹೊಣೆ ನನ್ನ ಮೇಲೆ ಬಿತ್ತು. ಸಮಿತಿ ಕೈಗೆತ್ತಿಕೊಂಡ ಹಲವು ವಿಷಯಗಳಲ್ಲಿ ಒಬ್ಬ ಹುಡುಗನ ಪ್ರಕರಣವನ್ನು ಮಾತ್ರ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಸಮಿತಿ ಎಲ್ಲಿ ತಪ್ಪಿತು, ಎಲ್ಲಿ ಉಪಯೋಗಕ್ಕೆ ಬಂತು ಎಂಬೆರಡೂ ಆ ಒಂದೇ ಕಡತದಲ್ಲಿ ಕಾಣುತ್ತವೆ. ಪಂಚಾಯತು, ಶಾಲೆ, ಮನೆಯವರು ಯಾರೆಂದು ತಿಳಿಯದಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಹುಡುಗನಿಗೆ ಆಗ ಒಂಬತ್ತು ವರ್ಷ; ಕನ್ನಡ ಮಾಧ್ಯಮದ ಅನುದಾನಿತ ಶಾಲೆಯೊಂದರಲ್ಲಿ ಮೂರನೇ ತರಗತಿ. ಬೌದ್ಧಿಕ ಬೆಳವಣಿಗೆ ನಿಧಾನ, ಮಾತು ಕಡಿಮೆ, ಆಡಿದ ಮಾತು ಮನೆಯವರಿಗಲ್ಲದೆ ಇತರರಿಗೆ ತಿಳಿಯುವುದು ಕಷ್ಟ. ತಂದೆ ಮಂಗಳೂರಿನಲ್ಲಿ ಹೋಟೆಲ್ ಕೆಲಸದಲ್ಲಿದ್ದಾರೆ. ತಾಯಿ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಾರೆ. ಚಿಕ್ಕವನಿದ್ದಾಗ ವಾರಕ್ಕೊಮ್ಮೆ ಮಂಗಳೂರಿಗೆ ಕರೆದುಕೊಂಡು ಹೋಗಿ ಮಾತಿನ ತರಬೇತಿ ಕೊಡಿಸುತ್ತಿದ್ದರು. 2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಕಾರಣದಿಂದ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಅದು ನಿಂತಿತು. ಕಾಸರಗೋಡಿನ ರೋಗಿಗಳನ್ನು ಮಂಗಳೂರಿಗೆ ಬಿಡಬೇಕೋ ಬೇಡವೋ ಎಂಬ ವಿಚಾರ ಆಗ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆಂಬುಲೆನ್ಸಿನಲ್ಲಿದ್ದವರಿಗೇ ದಾರಿಯಿಲ್ಲದ ಆ ದಿನಗಳಲ್ಲಿ, ಮಾತು ಕಲಿಯಲು ಹೋಗುವ ಐದು ವರ್ಷದ ಮಗುವಿನ ವಿಚಾರ ಯಾರಿಗೂ ನೆನಪಾಗಲಿಲ್ಲ. ಗಡಿ ತೆರೆದ ಮೇಲೂ ತರಬೇತಿ ಮತ್ತೆ ಆರಂಭವಾಗಲಿಲ್ಲ. ಬಸ್ಸಿನ ಖರ್ಚು, ಒಂದು ದಿನದ ಕೂಲಿ ಎರಡೂ ಕೈಬಿಟ್ಟುಹೋಗುವ ಲೆಕ್ಕ ಆ ಮನೆಗೆ ಹೊಂದಲಿಲ್ಲ.

ಸಮಿತಿ ಹುಟ್ಟಿದ ಬಗೆ

ವಾರ್ಡಿನ ಗ್ರಾಮಸಭೆಯೊಂದರಲ್ಲಿ ನಾಲ್ವರು ತಾಯಂದಿರು ಒಬ್ಬರಾದ ಮೇಲೊಬ್ಬರು ಎದ್ದು ಒಂದೇ ಪ್ರಶ್ನೆ ಕೇಳಿದರು: ಮಗುವನ್ನು ಶಾಲೆಗೆ ಕರೆದುಕೊಂಡು ಹೋಗಲು ರಿಕ್ಷಾದ ದುಡ್ಡು ಯಾರು ಕೊಡುತ್ತಾರೆ? ಉತ್ತರ ಯಾರಲ್ಲೂ ಇರಲಿಲ್ಲ. ಮುಂದಿನ ತಿಂಗಳು ಪಂಚಾಯತಿನ ಆಡಳಿತ ಸಮಿತಿ ಒಂದು ನಿರ್ಣಯ ಮಾಡಿ ಸಲಹಾ ಸಮಿತಿಯನ್ನು ನೇಮಿಸಿತು. ಅಂಗವಿಕಲ ಮಕ್ಕಳ ತಂದೆತಾಯಂದಿರು, ವಾರ್ಡ್ ಮೆಂಬರ್, ಶಾಲೆಯ ಮುಖ್ಯೋಪಾಧ್ಯಾಯರು, ಅಂಗನವಾಡಿ ಟೀಚರ್, ಮನೆ ಮನೆಗೆ ಹೋಗುವ ಪ್ಯಾಲಿಯೇಟಿವ್ ನರ್ಸ್, ಕನ್ನಡ ಹೋರಾಟದಲ್ಲಿ ಪಳಗಿದ ಇಬ್ಬರು ಹಿರಿಯರು, ಬಾಲ್ಯದಲ್ಲಿ ಪೋಲಿಯೋ ತಗಲಿ ಈಗ ಪೇಟೆಯಲ್ಲಿ ಲಾಟರಿ ಟಿಕೆಟ್ ಮಾರುವ ಒಬ್ಬರು ಅದರಲ್ಲಿದ್ದರು. ಕೊನೆಯವರನ್ನು ಸೇರಿಸಬೇಕೆಂದು ಹೇಳಿದ್ದು ಒಬ್ಬ ತಾಯಿ. ಅವರಿಲ್ಲದಿದ್ದರೆ, ಶಾಲೆಯ ಮೆಟ್ಟಿಲು ಹತ್ತಲಾಗದೆ ಓದು ಬಿಟ್ಟ ಅನುಭವವಿರುವ ಯಾರೂ ಆ ಕೋಣೆಯಲ್ಲಿ ಇರುತ್ತಿರಲಿಲ್ಲ.

ಇಂಥ ಸಮಿತಿಯನ್ನು ಪಂಚಾಯತು ಮಟ್ಟದಲ್ಲಿ ಮಾಡಲೇಬೇಕೆಂದು ನಮ್ಮ ಕಾಯ್ದೆ ಹೇಳುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಕೇಂದ್ರಕ್ಕೊಂದು, ರಾಜ್ಯಕ್ಕೊಂದು ಸಲಹಾ ಮಂಡಳಿಯನ್ನೂ, 72ನೇ ಸೆಕ್ಷನಿನಲ್ಲಿ ಜಿಲ್ಲಾ ಮಟ್ಟದ ಸಮಿತಿಯನ್ನೂ ಹೇಳುತ್ತದೆ. ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರದ ಶಾಲಾ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರು ಇರಬೇಕು, ಅವಕಾಶವಂಚಿತ ಮಕ್ಕಳ ಹೆತ್ತವರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಇರಬೇಕು. 2012ರ ತಿದ್ದುಪಡಿ ಅಂಗವಿಕಲ ಮಕ್ಕಳನ್ನೂ ಆ ಗುಂಪಿಗೆ ಸೇರಿಸಿತು. ಆದರೆ ಅದೇ ತಿದ್ದುಪಡಿ ಅನುದಾನಿತ ಶಾಲೆಗಳಲ್ಲಿ ಆ ಸಮಿತಿಯ ಕೆಲಸ ಸಲಹೆ ಕೊಡುವುದು ಮಾತ್ರ ಎಂದೂ ಬರೆಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಶಿಕ್ಷಣ ಕಾನೂನಿನಲ್ಲಿ ವಿಶೇಷ ಶಿಕ್ಷಣದ ಪ್ರತಿ ಪ್ರದೇಶಕ್ಕೂ ಸಮುದಾಯ ಸಲಹಾ ಸಮಿತಿ ಕಡ್ಡಾಯ. ಅದರ ಸದಸ್ಯರಲ್ಲಿ ಹೆಚ್ಚಿನವರು ಹೆತ್ತವರಾಗಿರಬೇಕು, ಆ ಹೆತ್ತವರಲ್ಲಿ ಹೆಚ್ಚಿನವರು ವಿಶೇಷ ಅಗತ್ಯವಿರುವ ಮಕ್ಕಳ ಹೆತ್ತವರಾಗಿರಬೇಕು. ಅಲ್ಲಿಯೂ ಅದು ಸಲಹಾ ಸಮಿತಿಯೇ, ಆದರೆ ಸಲಹೆ ಯಾರ ಬಾಯಿಂದ ಬರಬೇಕು ಎಂಬುದನ್ನು ಕಾನೂನೇ ಗೊತ್ತುಮಾಡಿದೆ. ನಮ್ಮಲ್ಲಿ ಅದು ನಿರ್ಣಯ ಬರೆದವರ ಔದಾರ್ಯಕ್ಕೆ ಬಿಟ್ಟ ವಿಷಯವಾಗಿತ್ತು. ಸಲಹೆ ಕೊಡುವುದಕ್ಕೆ ಸಮಿತಿ ಬೇಕೇ, ಅಂಗಡಿ ಜಗಲಿಯಲ್ಲಿ ಕೂತವರೂ ಕೊಡುತ್ತಾರಲ್ಲ ಎಂದು ಊರಿನಲ್ಲಿ ನಗೆಯಾಡಿದವರೂ ಇದ್ದರು.

ಮೊದಲ ಕೆಲವು ಸಭೆಗಳು ಬಹುಮಟ್ಟಿಗೆ ವ್ಯರ್ಥವಾದವು. ಅದಕ್ಕೆ ಈ ಜಿಲ್ಲೆಯ ಚರಿತ್ರೆಯೇ ಕಾರಣ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಗಿತ್ತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಅದರ ಉತ್ಪಾದನೆ, ಮಾರಾಟ, ಬಳಕೆಯನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಅಂದಿನಿಂದ ಇಲ್ಲಿ ಅಂಗವಿಕಲ ಮಗುವಿನ ಬಗ್ಗೆ ಮಾತು ತೆಗೆದರೆ ಕೇಳುವ ಮೊದಲ ಪ್ರಶ್ನೆ ‘ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದೆಯೇ?’ ಎಂಬುದು. ವೈದ್ಯಕೀಯ ಶಿಬಿರ, ಪಟ್ಟಿ, ಪಟ್ಟಿಯಿಂದ ಬಿಟ್ಟುಹೋದ ಹೆಸರು, ಮತ್ತೆ ಶಿಬಿರ ಎಂಬ ಈ ಸುತ್ತಿನಲ್ಲಿ ಮಗುವಿನ ಶಾಲೆಯ ವಿಚಾರ ಹಿಂದೆ ಬೀಳುತ್ತದೆ. ನಮ್ಮ ಸಮಿತಿಯೂ ಎರಡು ಸಭೆಗಳನ್ನು ಯಾವ ಮಗು ಯಾವ ಕಾರಣದಿಂದ ಹೀಗಾಯಿತು ಎಂಬ ಚರ್ಚೆಯಲ್ಲೇ ಕಳೆಯಿತು. ಸಿಂಪಡಣೆ ನಿಂತು ಸುಮಾರು ಹದಿನಾಲ್ಕು ವರ್ಷದ ಮೇಲೆ ಹುಟ್ಟಿದ ಈ ಹುಡುಗನ ಕುರಿತು ಆ ಚರ್ಚೆಯನ್ನು ನಾವು ತೀರ್ಮಾನಿಸುವಂತಿರಲಿಲ್ಲ. ತೀರ್ಮಾನಿಸಿದ್ದರೂ ಅವನ ಮರುದಿನದ ತರಗತಿಯಲ್ಲಿ ಏನೂ ಬದಲಾಗುತ್ತಿರಲಿಲ್ಲ. ಕೊನೆಗೆ ಲಾಟರಿಯವರೇ ಬೇಸತ್ತು, ಕಾಲು ಯಾಕೆ ಹೀಗಾಯಿತೆಂದು ತನ್ನನ್ನು ಊರೆಲ್ಲ ಕೇಳಿದೆ, ಯಾವ ಕ್ಲಾಸಿನವರೆಗೆ ಓದಿದೆ ಎಂದು ಯಾರೂ ಕೇಳಿಲ್ಲ ಎಂದರು. ಮೂರನೆಯ ಸಭೆಯಿಂದ ಕಾರಣದ ಚರ್ಚೆ ಬೇಡವೆಂದು ಗೊತ್ತುಮಾಡಿಕೊಂಡೆವು.

ಇನ್ನೊಂದು ತೊಡಕು ನಡಾವಳಿ ಪುಸ್ತಕದ್ದು. ಆರಂಭದಲ್ಲಿ ಅದನ್ನು ಪಂಚಾಯತಿನ ಗುಮಾಸ್ತರು ಮಲಯಾಳದಲ್ಲಿ ಬರೆಯುತ್ತಿದ್ದರು. ತಾಯಂದಿರು ತಮಗೆ ಓದಲಾಗದ ಪುಟದ ಕೆಳಗೆ ಕನ್ನಡದಲ್ಲಿ ಸಹಿ ಹಾಕುತ್ತಿದ್ದರು. ಹೆತ್ತವರ ಮಾತು ಕೇಳಲೆಂದೇ ಮಾಡಿದ ಸಮಿತಿಯಲ್ಲಿ ಇದು ನಾಚಿಕೆಯ ಸಂಗತಿ. ಹಾಗೆ ನಡಾವಳಿ ಕನ್ನಡಕ್ಕೆ ಬಂತು, ನನ್ನ ಕೈಗೂ ಬಂತು. ಸಹಿಗೆ ಮುಂಚೆ ಅದನ್ನು ತುಳುವಿನಲ್ಲಿ ಓದಿ ಹೇಳುವ ಕ್ರಮವೂ ಆರಂಭವಾಯಿತು.

ವರದಿ ಮತ್ತು ಮೊದಲ ಸಲಹೆ

ಹುಡುಗನ ಪ್ರಕರಣ ಸಮಿತಿಗೆ ಬಂದದ್ದು ಓಣಂ ರಜೆ ಮುಗಿದ ಮೇಲೆ. ವಾರಕ್ಕೊಮ್ಮೆ ಶಾಲೆಗೆ ಬರುವ, ಊರಿನವರು ರಿಸೋರ್ಸ್ ಟೀಚರ್ ಎಂದು ಕರೆಯುವ ವಿಶೇಷ ಶಿಕ್ಷಕಿ ಅವನ ಗ್ರಹಿಕೆಯನ್ನು ಪರೀಕ್ಷಿಸಿ ವರದಿ ಕೊಟ್ಟಿದ್ದರು. ಚಿತ್ರಗಳನ್ನು ಮುಂದಿಟ್ಟು ಹೆಸರು ಹೇಳಿದರೆ ಅರ್ಧಕ್ಕಿಂತ ಕಡಿಮೆ ಚಿತ್ರಗಳನ್ನು ಮಾತ್ರ ತೋರಿಸುತ್ತಾನೆ, ಎರಡು ಪದದ ಸೂಚನೆಯನ್ನು ಪಾಲಿಸುವುದಿಲ್ಲ, ಆದ್ದರಿಂದ ಮನೆಯಲ್ಲೇ ಶಿಕ್ಷಣ ಕೊಡುವುದು ಸೂಕ್ತ ಎಂದು ಅದರಲ್ಲಿತ್ತು. ವರದಿಯ ನಮೂನೆ ಇಂಗ್ಲಿಷಿನಲ್ಲಿ, ಪರೀಕ್ಷೆ ಮಲಯಾಳದಲ್ಲಿ, ಶಾಲೆ ಕನ್ನಡದಲ್ಲಿ. ತಾಯಿ ವರದಿಯನ್ನು ಸಭೆಗೆ ತಂದು, ಮಗನನ್ನು ಶಾಲೆಯಿಂದ ಬಿಡಿಸುತ್ತಾರಂತೆ ಎಂದಷ್ಟೇ ಹೇಳಿ ಕುಳಿತುಕೊಂಡರು.

ಕಾನೂನಿನ ಪ್ರಶ್ನೆ ಸುಲಭದ್ದಾಗಿತ್ತು. 2012ರ ತಿದ್ದುಪಡಿಯ ಪ್ರಕಾರ ಬಹುವಿಧ ಅಥವಾ ತೀವ್ರ ವೈಕಲ್ಯವುಳ್ಳ ಮಗುವಿಗೆ ಮನೆಯಲ್ಲಿಯ ಶಿಕ್ಷಣವನ್ನು ಆರಿಸಿಕೊಳ್ಳುವ ಹಕ್ಕಿದೆ. ಆರಿಸಿಕೊಳ್ಳುವ ಹಕ್ಕು ಎಂದರೆ ಆರಿಸಿಕೊಳ್ಳದಿರುವ ಹಕ್ಕೂ ಹೌದು. ಅದು ಮಗುವಿನ ಕಡೆಯವರದು, ಕಚೇರಿಯದಲ್ಲ. 2016ರ ಕಾಯ್ದೆಯ 31ನೇ ಸೆಕ್ಷನ್ ಕೂಡ 6ರಿಂದ 18 ವರ್ಷದವರೆಗಿನ, ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳ ಮಕ್ಕಳಿಗೆ ನೆರೆಯ ಶಾಲೆಯಲ್ಲೋ ತಮ್ಮ ಆಯ್ಕೆಯ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಇದನ್ನು ಮುಖ್ಯೋಪಾಧ್ಯಾಯರು ಒಪ್ಪಿದರು. ಹುಡುಗ ತರಗತಿಯಲ್ಲೇ ಉಳಿದ.

ಕಷ್ಟವಾದದ್ದು ಮುಂದಿನ ಹೆಜ್ಜೆ. ಮಲಯಾಳ ಮಾತ್ರ ಬಲ್ಲ ಶಿಕ್ಷಕಿ ಕನ್ನಡ ಶಾಲೆಯ ಮಗುವನ್ನು ಪರೀಕ್ಷಿಸಿದ್ದಾರೆ ಎಂಬುದು ಗೊತ್ತಾದ ಕ್ಷಣದಿಂದ ಸಭೆಯ ದನಿ ಬದಲಾಯಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗರಿಗೆ ಶಾಲೆಯ ಭಾಷೆ ಎಂಬುದು ಬರಿಯ ಪಠ್ಯದ ವಿಷಯವಲ್ಲ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನು ಸಮಿತಿಯ ಹಿರಿಯರಿಬ್ಬರೂ ಬಾಯಿಪಾಠ ಒಪ್ಪಿಸಬಲ್ಲರು. ಕನ್ನಡ ಬಲ್ಲ ವಿಶೇಷ ಶಿಕ್ಷಕರನ್ನು ತಕ್ಷಣ ನೇಮಿಸಬೇಕು ಎಂಬ ಬೇಡಿಕೆ ಒಮ್ಮತದಿಂದ ಪಾಸಾಯಿತು. ಪತ್ರವನ್ನು ನಾನೇ ಬರೆದೆ. ‘ಕನ್ನಡ ಮಾತೃಭಾಷೆಯ ಈ ಮಗುವಿಗೆ’ ಎಂದು ಆರಂಭಿಸಿದೆ. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲೂ ಹಾಗೆಯೇ ಇತ್ತು.

ಪತ್ರವನ್ನು ಓದಿ ಹೇಳುವಾಗ ಆ ಸಾಲಿಗೆ ಬಂದಾಗ ತಾಯಿ ನಡುವೆ ಬಾಯಿ ಹಾಕಿದರು: “ಆಯಗ್ ಕನ್ನಡಲಾ ಬರ್ಪುಜಿ, ಮಾಷ್ಟ್ರೇ.” ಅವನಿಗೆ ಕನ್ನಡವೂ ಬರುವುದಿಲ್ಲ.

ಅವರ ಮನೆಮಾತು ತುಳು. ಈ ಭಾಗದ ತುಳು ಮನೆಗಳು ಶಾಲೆಯಲ್ಲಿ ಮಾತೃಭಾಷೆ ಕನ್ನಡ ಎಂದು ಬರೆಸುವುದು ತಲೆಮಾರುಗಳ ರೂಢಿ. ಉಳಿದ ಮಕ್ಕಳು ಅಂಗನವಾಡಿಯಲ್ಲೋ ಒಂದನೇ ತರಗತಿಯಲ್ಲೋ ಕನ್ನಡವನ್ನು ಹೇಗೋ ಎತ್ತಿಕೊಳ್ಳುತ್ತಾರೆ, ಹಾಗಾಗಿ ರೂಢಿಯ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಹುಡುಗ ಎತ್ತಿಕೊಂಡಿರಲಿಲ್ಲ. ಹಿರಿಯರಲ್ಲೊಬ್ಬರು, ಅದೆಲ್ಲ ಪತ್ರದಲ್ಲಿ ಬೇಡ, ತುಳು ಎಂದು ಬರೆದರೆ ಕನ್ನಡದ ಬೇಡಿಕೆ ದುರ್ಬಲವಾಗುತ್ತದೆ ಎಂದರು. ಅವರ ಅಂಜಿಕೆಗೆ ಆಧಾರವಿಲ್ಲವೆನ್ನಲಾರೆ. ಕನ್ನಡ ಹುದ್ದೆಗಳ ವಿಚಾರದಲ್ಲಿ ಇಲ್ಲಿಯವರು ನೋಡಿದ್ದನ್ನು ನಾನೂ ನೋಡಿದ್ದೇನೆ. ಆದರೆ ಆ ಕ್ಷಣದಲ್ಲಿ ಒಂದು ಕಡೆಯಲ್ಲಿ ಮಲಯಾಳದ ವರದಿ, ಇನ್ನೊಂದು ಕಡೆಯಲ್ಲಿ ಕನ್ನಡದ ಬೇಡಿಕೆ, ನಡುವೆ ಎರಡೂ ತಿಳಿಯದ ಮಗು ಎಂಬಂತಾಗಿತ್ತು. ಪತ್ರ ಕಳಿಸುವುದನ್ನು ತಡೆಹಿಡಿದೆವು. ಸಮಿತಿಯೊಳಗೆ ಅತಿ ಹೆಚ್ಚು ಕಹಿಯಾದ ಸಭೆ ಅದೇ.

ಅಂಕಪಟ್ಟಿಯನ್ನು ಮತ್ತೆ ಓದಿದಾಗ

ವರದಿಗೆ ಲಗತ್ತಾಗಿದ್ದ ಅಂಕಪಟ್ಟಿಯನ್ನು ಅಂಗನವಾಡಿ ಟೀಚರ್ ಮತ್ತು ನಾನು ಕೂತು ಒಂದೊಂದೇ ಸಾಲು ಓದಿದೆವು. ಹುಡುಗ ಸರಿಯಾಗಿ ತೋರಿಸಿದ್ದ ಚಿತ್ರಗಳು: ಪೂಚ್ಚ, ಕುಡ, ಮರಂ, ಪೂವ್, ಕೋಳಿ. ತೋರಿಸದೆ ಸುಮ್ಮನಿದ್ದ ಚಿತ್ರಗಳಲ್ಲಿ ಕೆಲವು: ಪಶು, ವೆಳ್ಳಂ, ಚೋರ್, ವೀಡ್, ತೇಙ್ಙ. ಅಂಗನವಾಡಿ ಟೀಚರ್ ಪಕ್ಕದಲ್ಲಿ ತುಳು ಬರೆಯುತ್ತಾ ಹೋದಂತೆ ಗುಟ್ಟು ಬಯಲಾಯಿತು. ಬೆಕ್ಕು ತುಳುವಿನಲ್ಲಿ ಪುಚ್ಚೆ, ಕೊಡೆ ಕೊಡೆಯೇ, ಮರ ಮರವೇ, ಹೂವು ಪೂ, ಕೋಳಿ ಕೋರಿ. ಮಲಯಾಳ ಪದ ತುಳುವಿಗೆ ಹತ್ತಿರವಿದ್ದಲ್ಲೆಲ್ಲ ಅವನು ಬೆರಳು ಮಾಡಿದ್ದ. ದನಕ್ಕೆ ತುಳುವಿನಲ್ಲಿ ಪೆತ್ತ, ನೀರಿಗೆ ನೀರ್, ಅನ್ನಕ್ಕೆ ನುಪ್ಪು, ಮನೆಗೆ ಇಲ್ಲ್, ತೆಂಗಿನಕಾಯಿಗೆ ತಾರಾಯಿ. ಪದ ದೂರವಾದಲ್ಲೆಲ್ಲ ಅವನು ಸೋತಿದ್ದ. ಆ ಪಟ್ಟಿ ಅವನ ಬುದ್ಧಿಗಿಂತ ಹೆಚ್ಚಾಗಿ ಎರಡು ಭಾಷೆಗಳ ನಡುವಿನ ಅಂತರವನ್ನು ಅಳೆದಿತ್ತು.

ಸಮಿತಿ ಈ ಬಾರಿ ಕೊಟ್ಟ ಸಲಹೆ ಚಿಕ್ಕದು: ತಾಯಿ ಜತೆಗಿರುವಂತೆ, ತುಳು ಬಲ್ಲವರು ಪ್ರಶ್ನೆ ಕೇಳುವಂತೆ, ಅದೇ ಚಿತ್ರಗಳಿಂದ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕು. ಹಿಂದಿನ ನಿರ್ಣಯಗಳು ‘ಸರಕಾರವನ್ನು ಒತ್ತಾಯಿಸಲಾಯಿತು’ ಎಂದು ಮುಗಿಯುತ್ತಿದ್ದವು. ಯಾರ ಮೇಜಿಗೂ ತಲುಪದ ಮಾತಿಗೆ ಯಾರೂ ಉತ್ತರಿಸಬೇಕಾಗಿಲ್ಲ. ಈ ಪತ್ರವನ್ನು ಒಬ್ಬ ಅಧಿಕಾರಿಯ ಹುದ್ದೆಗೆ ಬರೆದು, ಯಾವ ದಿನದೊಳಗೆ ಉತ್ತರ ಬೇಕೆಂದು ತಿಳಿಸಿ, ಕನ್ನಡದಲ್ಲೇ ಕಳಿಸಿದೆವು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡಿಗರು ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎನ್ನುವುದಕ್ಕೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನಮಗೆ ಆಧಾರವಾಗಿತ್ತು. ಉತ್ತರ ಮಲಯಾಳದಲ್ಲಿ ಬಂತು. ಕಾಯ್ದೆಯನ್ನು ನೆನಪಿಸಿ ಇನ್ನೊಂದು ಪತ್ರ ಬರೆಯುವಷ್ಟು ಹಠ ನಮ್ಮಲ್ಲಿತ್ತು. ಕನ್ನಡದ ಪ್ರತಿ ಬರುವಷ್ಟರಲ್ಲಿ ಕ್ರಿಸ್ಮಸ್ ಪರೀಕ್ಷೆ ಮುಗಿದಿತ್ತು.

ಮರುಪರೀಕ್ಷೆಗೆ ಬಂದವರು ಅದೇ ವಿಶೇಷ ಶಿಕ್ಷಕಿ. ಸಭೆಗಳಲ್ಲಿ ಅವರ ಬಗ್ಗೆ ಕಟುವಾದ ಮಾತುಗಳು ಬಂದಿದ್ದವು, ಆದ್ದರಿಂದ ಇದನ್ನು ಬರೆಯಲೇಬೇಕು: ಈ ಪ್ರಕರಣದಲ್ಲಿ ಎಲ್ಲರಿಗಿಂತ ಬೇಗ ತಿದ್ದಿಕೊಂಡವರು ಅವರು. ಹಲವು ಶಾಲೆಗಳನ್ನು ಸುತ್ತುವ ಗುತ್ತಿಗೆ ಕೆಲಸದವರು, ತೆಂಕಣ ಊರಿನಿಂದ ದಿನಾ ರೈಲಿನಲ್ಲಿ ಬರುವವರು. ಅಂಕಪಟ್ಟಿಯ ಪಕ್ಕದಲ್ಲಿ ಬರೆದ ತುಳು ಪದಗಳನ್ನು ನೋಡಿ ಅವರು ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ತಾನು ಕೇಳುವುದಿಲ್ಲ, ನೀವೇ ಕೇಳಿ ಎಂದರು.

“ಪೆತ್ತ ಓಲುಂಡು?” (ದನ ಎಲ್ಲಿದೆ?) ಎಂದು ತಾಯಿ ಕೇಳಿದ ಕೂಡಲೇ ಹುಡುಗ ದನದ ಚಿತ್ರದ ಮೇಲೆ ಅಂಗೈ ಇಟ್ಟ. ನುಪ್ಪು, ನೀರ್, ಇಲ್ಲ್, ತಾರಾಯಿ ಎಲ್ಲವೂ ಹಾಗೆಯೇ ಆಯಿತು. ಎರಡು ಮೂರು ಚಿತ್ರಗಳಲ್ಲಿ ಮಾತ್ರ ತಡವರಿಸಿದ. ಎರಡು ಪದದ ಸೂಚನೆಗಳನ್ನೂ ಪಾಲಿಸಿದ. ಮೂರು ಪದಕ್ಕೆ ಬಂದಾಗ ದಣಿದ. ಅವನ ತೊಂದರೆ ಇಲ್ಲವಾಯಿತೆಂದಲ್ಲ, ಅದು ವರದಿಯಲ್ಲಿದ್ದಷ್ಟು ದೊಡ್ಡದಾಗಿರಲಿಲ್ಲ. ಕೊನೆಯಲ್ಲಿ ಹಿರಿಯರೊಬ್ಬರ ಅಪೇಕ್ಷೆಯಂತೆ ಅದೇ ಚಿತ್ರಗಳನ್ನು ಕನ್ನಡದಲ್ಲೂ ಕೇಳಲಾಯಿತು. ‘ಬೆಕ್ಕು ಎಲ್ಲಿ?’ ಎಂದು ಕೇಳಿದಾಗ, ಮಲಯಾಳದ ಪೂಚ್ಚವನ್ನು ಗುರುತಿಸಿದ್ದ ಹುಡುಗ ಸುಮ್ಮನೆ ಕೂತ. ಕೇಳಿದ ಹಿರಿಯರೂ ಸುಮ್ಮನಾದರು. ಮುಂದಿನ ಸಭೆಯಲ್ಲಿ, ತುಳು ಎಂದೇ ಬರೆಯಿರಿ ಎಂದು ಹೇಳಿದವರು ಅವರೇ.

ಆದದ್ದು, ಆಗದೆ ಉಳಿದದ್ದು

ಹುಡುಗನ ವೈಯಕ್ತಿಕ ಕಲಿಕಾ ಯೋಜನೆಯನ್ನು ಹೊಸದಾಗಿ ಬರೆಯಲಾಯಿತು. ಅವನಿಗೆ ಗೊತ್ತಿರುವ ತುಳು ಪದಗಳನ್ನೆಲ್ಲ ತಾಯಿಯೂ ಅಜ್ಜಿಯೂ ಹೇಳುತ್ತಾ ಹೋದರು, ಅಂಗನವಾಡಿ ಟೀಚರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದರು: ಎಡಕ್ಕೆ ಕನ್ನಡ ಲಿಪಿಯಲ್ಲಿ ತುಳು, ನಡುವೆ ಕನ್ನಡ, ಬಲಕ್ಕೆ ಮಲಯಾಳ. ಆ ಮೂರನೆಯ ಸಾಲು ವಿಶೇಷ ಶಿಕ್ಷಕಿಗಾಗಿ. ತರಗತಿಯ ಟೀಚರ್ ಮೊದಲು ಪೆತ್ತ ಎಂದು, ಆಮೇಲೆ ದನ ಎಂದು ಹೇಳುವ ಕ್ರಮ ಇಟ್ಟುಕೊಂಡರು. ಪಕ್ಕದಲ್ಲಿ ಕೂರುವ ಹುಡುಗಿಯೊಬ್ಬಳು ಇದನ್ನು ಆಟವಾಗಿ ಮಾಡಿಕೊಂಡಳು. ನನ್ನ ಅಂದಾಜಿನಲ್ಲಿ ಅವನಿಗೆ ಕನ್ನಡ ಕಲಿಸಿದ್ದರಲ್ಲಿ ದೊಡ್ಡ ಪಾಲು ಅವಳದು. ನಾಲ್ಕನೇ ತರಗತಿಯ ಓಣಂ ವೇಳೆಗೆ ಅವನು ದಿನಬಳಕೆಯ ಕನ್ನಡ ಪದಗಳನ್ನು ಗುರುತಿಸುತ್ತಿದ್ದ, ತನ್ನ ಹೆಸರಿನ ಮೊದಲ ಎರಡು ಅಕ್ಷರ ಬರೆಯುತ್ತಿದ್ದ.

ಕನ್ನಡ ಬಲ್ಲ ವಿಶೇಷ ಶಿಕ್ಷಕರು ಬೇಕೆಂಬ ಬೇಡಿಕೆಯನ್ನು ಸಮಿತಿ ಬಿಡಲಿಲ್ಲ. ಬೇರೆ ಮಕ್ಕಳಿಗೆ ಅದು ನಿಜವಾಗಿಯೂ ಬೇಕಾಗಿತ್ತು. ಅದನ್ನು ಈ ಹುಡುಗನ ಹೆಸರಿನಲ್ಲಿ ಕಳಿಸಲಿಲ್ಲ, ಅಷ್ಟೇ. ಆ ಪತ್ರಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಿದೆ. 2016ರ ಕಾಯ್ದೆ ಕುರುಡ, ಕಿವುಡ ಮಕ್ಕಳಿಗೆ ತಕ್ಕ ಭಾಷೆಯಲ್ಲಿ ಶಿಕ್ಷಣ ಕೊಡಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಬೌದ್ಧಿಕ ತೊಂದರೆಯ ಮಗುವನ್ನು ಯಾವ ಭಾಷೆಯಲ್ಲಿ ಪರೀಕ್ಷಿಸಬೇಕು ಎಂಬ ಬಗ್ಗೆ ಅಷ್ಟು ಸ್ಪಷ್ಟವಾದ ಮಾತಿಲ್ಲ. ಮನೆಮಾತನ್ನು ವರದಿಯ ನಮೂನೆಯಲ್ಲೇ ಒಂದು ಕಾಲಮ್ಮಾಗಿ ಸೇರಿಸಿ, ರಿಜಿಸ್ಟರ್ ನೋಡಿ ತುಂಬದೆ ತಾಯಿಯನ್ನು ಕೇಳಿ ತುಂಬಬೇಕೆಂಬ ನಮ್ಮ ಸಲಹೆಯನ್ನು ನಮ್ಮ ಪಂಚಾಯತಿನ ಶಾಲೆಗಳ ಮಟ್ಟಿಗೆ ಒಪ್ಪಲಾಗಿದೆ.

ರಿಕ್ಷಾದ ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ. 2016ರ ಕಾಯ್ದೆಯ 16ನೇ ಸೆಕ್ಷನ್ ಸಾರಿಗೆ ಸೌಲಭ್ಯದ ಮಾತಾಡುತ್ತದೆ, ಸಮಗ್ರ ಶಿಕ್ಷಾ ಯೋಜನೆಯಲ್ಲಿ ಪ್ರಯಾಣ ಭತ್ತೆಯೂ ಜತೆಗೆ ಬರುವವರ ಭತ್ತೆಯೂ ಇದೆ. ಆದರೆ ವರ್ಷದ ಕೊನೆಗೆ ಬರುವ ಹಣ ಪ್ರತಿ ಸೋಮವಾರ ರಿಕ್ಷಾದವರಿಗೆ ಕೊಡಬೇಕಾದ ಹಣವಾಗುವುದಿಲ್ಲ. ಸಮಿತಿ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಅಂದು ಗ್ರಾಮಸಭೆಯಲ್ಲಿ ಎದ್ದ ನಾಲ್ವರಲ್ಲಿ ಇಬ್ಬರು ಈಗ ಸಭೆಗೆ ಬರುವುದಿಲ್ಲ.

ಈ ಜೂನ್ ತಿಂಗಳಲ್ಲಿ ಹುಡುಗ ಐದನೇ ತರಗತಿಗೆ ಹೋಗಬೇಕು. ಅವನ ಶಾಲೆಯಲ್ಲಿ ನಾಲ್ಕರವರೆಗೆ ಮಾತ್ರ. ಹತ್ತಿರದ ಕನ್ನಡ ಮಾಧ್ಯಮದ ಹಿರಿಯ ಪ್ರಾಥಮಿಕ ಶಾಲೆ ಹೊಳೆಯಾಚೆ, ಪಕ್ಕದ ಪಂಚಾಯತಿನಲ್ಲಿದೆ. ಅಲ್ಲಿ ಇಂಥ ಸಮಿತಿ ಇಲ್ಲ, ನಮ್ಮ ಸಮಿತಿಯ ವ್ಯಾಪ್ತಿ ಹೊಳೆಯವರೆಗೆ. ಕೊನೆಯ ಸಭೆಯಲ್ಲಿ ತಾಯಿ ನೋಟ್‌ಬುಕ್ಕನ್ನು ಜೆರಾಕ್ಸ್ ಮಾಡಿಸಿ ತಂದು, ಇದನ್ನು ಆ ಶಾಲೆಯಲ್ಲಿ ಯಾರ ಕೈಗೆ ಕೊಡಬೇಕೆಂದು ಕೇಳಿದರು. ಪಕ್ಕದ ಪಂಚಾಯತಿಗೆ ಪತ್ರ ಬರೆಯುವುದು ಎಂದು ನಡಾವಳಿಯಲ್ಲಿ ಬರೆದುಕೊಂಡೆ.